ಉಳಿದ ಹಾಳೆಗಳ ಪುಸ್ತಕ

(ವಿದ್ಯಾರ್ಥಿಗಳ ರಜಾ ಶಿಬಿರದಲ್ಲಿ ಮಾಡಿದ ಭಾಷಣ)



ಹದಿಹರೆಯದವರು ರಜೆಯಲ್ಲಿ ಮಾಡಬಹುದಾದ ಸುಲಭ ಕರಕುಶಲ ಕೆಲಸಗಳ ಬಗ್ಗೆ ಮಾತನಾಡಲು ನನಗೆ ಹೇಳಿದ್ದೀರಿ. ವಿಷಯ ಪ್ರಕಟಿಸಿದಾಗ ಕೆಲವು ಪೋಷಕರು ನಕ್ಕಿದ್ದನ್ನು ಗಮನಿಸಿದೆ. "ಎಸ್.ಎಸ್.ಎಲ್.ಸಿ. ಎದುರಿಗಿರುವಾಗ ಕತ್ತರಿ, ಗೋಂದು ಹಿಡಿದು ಕೂರುವುದೇ?" ಎಂಬ ಪ್ರಶ್ನೆ ಆ ನಗುವಿನಲ್ಲಿತ್ತು. ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಮೊದಲು ನನ್ನ ಮನೆಯ ಒಂದು ಸಂಗತಿ ಹೇಳುತ್ತೇನೆ.

ನನ್ನ ತಂದೆಯವರು ಜಿಲ್ದ್ ಕಟ್ಟುತ್ತಿದ್ದರು, ಅಂದರೆ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದರು. ಅಂಗಡಿಗಳ ಲೆಕ್ಕದ ಪುಸ್ತಕ, ಮದರಸಾದ ಕಿತಾಬು, ಲೈಬ್ರರಿಯ ಹರಿದ ಕಾದಂಬರಿ ಎಲ್ಲವೂ ನಮ್ಮ ಪಡಸಾಲೆಗೆ ಬರುತ್ತಿದ್ದವು. ಅವರ ಉಗುರಿನ ಸಂದಿಯಲ್ಲಿ ಮೈದಾ ಅಂಟು ಯಾವಾಗಲೂ ಒಣಗಿರುತ್ತಿತ್ತು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ದಿನ ಅವರು ಪುಸ್ತಕಗಳನ್ನು ಸೈಕಲ್ ಮೇಲೆ ಹೇರಿಕೊಂಡು ನಮ್ಮ ಶಾಲೆಗೇ ಬಂದರು. "ಯಾರೋ ಅವರು?" ಎಂದು ಗೆಳೆಯ ಕೇಳಿದ. "ನಮ್ಮ ಬೀದಿಯವರು" ಎಂದೆ. ಅಬ್ಬಾ ಅಲ್ಲೇ ಹತ್ತಿರದಲ್ಲಿದ್ದರು. ಅವರಿಗೆ ಅದು ಕೇಳಿಸಿತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಮುಂದೆ ಬಿ.ಎಡ್. ಓದುವಾಗ ಕೈಯಿಂದ ಏನಾದರೂ ಮಾಡಿ ತರಲು ಹೇಳಿದರು. ಪುಸ್ತಕ ಕಟ್ಟುವವರ ಮನೆಯಲ್ಲಿ ಬೆಳೆದ ನನಗೆ ಒಂದು ಹಾಳೆಯನ್ನು ನೇರವಾಗಿ ಮಡಿಸಲು ಬರಲಿಲ್ಲ. ಕೊನೆಗೆ ಅಬ್ಬಾರ ಎದುರೇ ಕುಳಿತೆ. ಅವರು ಒಂದು ಮಾತೂ ಆಡದೆ ಸೂಜಿಗೆ ದಾರ ಪೋಣಿಸಿ ನನ್ನ ಕೈಗೆ ಕೊಟ್ಟರು. ಆ ಸಂಜೆ ಕಲಿತದ್ದನ್ನೇ ಇಂದು ನಿಮಗೆ ಹೇಳುತ್ತಿದ್ದೇನೆ.

ಮಕ್ಕಳೆ, ವರ್ಷದ ಕೊನೆಗೆ ನಿಮ್ಮ ನೋಟ್‌ಬುಕ್‌ಗಳಲ್ಲಿ ಬರೆಯದ ಹಾಳೆಗಳು ಉಳಿದಿರುತ್ತವೆ. ಪಿನ್ನುಗಳನ್ನು ನಿಧಾನವಾಗಿ ಬಿಡಿಸಿ ಒಂದೇ ಅಳತೆಯ 8 ಜೋಡಿ ಹಾಳೆಗಳನ್ನು ತೆಗೆಯಿರಿ. ಒಂದರೊಳಗೊಂದು ಸೇರಿಸಿದರೆ 32 ಪುಟಗಳಾಗುತ್ತವೆ. ಮೇಲೆ ದಪ್ಪ ಡ್ರಾಯಿಂಗ್ ಹಾಳೆಯ ಹೊದಿಕೆ ಇಡಿ. ಮಡಿಕೆಯ ಗೆರೆಯ ಮೇಲೆ ನಡುವೆ ಒಂದು, ಮೇಲೆ ಕೆಳಗೆ ಸಮ ದೂರದಲ್ಲಿ ಒಂದೊಂದು, ಹೀಗೆ ಮೂರು ತೂತುಗಳನ್ನು ದಬ್ಬಣದಿಂದ ಮಾಡಿ. ಪುಸ್ತಕದ ಎತ್ತರದ ಮೂರರಷ್ಟು ಉದ್ದದ ದಪ್ಪ ದಾರ ಸಾಕು.

ಈಗ ಗಮನವಿಟ್ಟು ಕೇಳಿ. ಸೂಜಿಯನ್ನು ಒಳಗಿನಿಂದ ನಡುವಿನ ತೂತಿನ ಮೂಲಕ ಹೊರಗೆ ತನ್ನಿ. ದಾರದ ತುದಿ ನಾಲ್ಕು ಬೆರಳಿನಷ್ಟು ಒಳಗೇ ಉಳಿದಿರಲಿ. ಮೇಲಿನ ತೂತಿನಿಂದ ಒಳಗೆ ಹೋಗಿ. ಒಳಗೆ ನಡುವಿನ ತೂತನ್ನು ದಾಟಿ ಕೆಳಗಿನ ತೂತಿನಿಂದ ಹೊರಗೆ ಬನ್ನಿ. ಮತ್ತೆ ನಡುವಿನ ತೂತಿನಿಂದಲೇ ಒಳಗೆ ಬನ್ನಿ. ಒಳಗಿರುವ ಉದ್ದ ದಾರದ ಆಚೆಗೊಂದು, ಈಚೆಗೊಂದು ತುದಿ ಬರುವಂತೆ ಮಾಡಿ ಎರಡು ಗಂಟು ಹಾಕಿ. ಪುಸ್ತಕ ಸಿದ್ಧವಾಯಿತು.

ಹೊದಿಕೆಗೆ ಬಣ್ಣ ಬೇಕಾದರೆ ಹೊಲಿಯುವ ಮೊದಲೇ ಹಾಕಿಕೊಳ್ಳಬೇಕು. ಹಳೆಯ ತಟ್ಟೆಯಲ್ಲಿ ಎರಡು ಅಂಗುಲ ನೀರು ತುಂಬಿಸಿ. ಎನಾಮಲ್ ಪೇಂಟನ್ನು ಟರ್ಪೆಂಟೈನ್‌ನಲ್ಲಿ ತೆಳುಮಾಡಿ ನಾಲ್ಕೈದು ಹನಿ ಬಿಡಿ. ಬಣ್ಣ ನೀರಿನ ಮೇಲೆ ತೇಲುತ್ತದೆ. ಕಡ್ಡಿಯಿಂದ ಮೆಲ್ಲಗೆ ಎಳೆದು, ಹಾಳೆಯನ್ನು ಒಂದು ಅಂಚಿನಿಂದ ಹಗುರವಾಗಿ ಮಲಗಿಸಿ ಎತ್ತಿ, ಒಣಗಲು ಬಿಡಿ. ಒಂದರಂತೆ ಇನ್ನೊಂದು ಎಂದಿಗೂ ಬರುವುದಿಲ್ಲ. ಈ ಕೆಲಸ ಅಂಗಳದಲ್ಲಿ, ಒಲೆಯಿಂದ ದೂರದಲ್ಲಿ, ಹಿರಿಯರ ಎದುರಿಗೇ ಆಗಬೇಕು.

ಹೀಗೆ ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಹಿಡಿಯುವ ಕಲೆ ಬಹಳ ಹಳೆಯದು. ಅದಕ್ಕೆ ಅಬ್ರಿ ಎಂದು ಹೆಸರು. ಅಬ್ರ್ ಎಂದರೆ ಮೋಡ. 17ನೆಯ ಶತಮಾನದಲ್ಲಿ ನಮ್ಮ ಬಿಜಾಪುರದ ಆದಿಲ್‌ಶಾಹಿ ಕಲಾವಿದರು ಈ ವಿಧಾನದಿಂದ ಚಿತ್ರಗಳನ್ನೇ ಮಾಡಿದರು. ಬಡಕಲು ಕುದುರೆ ಮತ್ತು ಅದರ ಸವಾರನ ಅಂಥ ಒಂದು ಚಿತ್ರ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನ ಸಂಗ್ರಹದಲ್ಲಿದೆ.

ಇನ್ನು ಹೆಸರಿನ ಚೀಟಿ. ಕೈವಾರವನ್ನು 3 ಸೆಂಟಿಮೀಟರ್ ಅಗಲಿಸಿ ವೃತ್ತ ಎಳೆಯಿರಿ. ಅಳತೆ ಬದಲಿಸದೆ ವೃತ್ತದ ಮೇಲೆ ಗುರುತು ಮಾಡುತ್ತಾ ಹೋದರೆ ಸರಿಯಾಗಿ 6 ಗುರುತುಗಳಾಗುತ್ತವೆ. ಪ್ರತಿ ಗುರುತಿನಿಂದಲೂ ವೃತ್ತದ ಒಳಗೆ ಕಂಸ ಎಳೆದರೆ ಆರು ಎಸಳಿನ ಹೂವು ಮೂಡುತ್ತದೆ. ಆರೇ ಏಕೆ? ಕೇಂದ್ರಕ್ಕೂ ಅಕ್ಕಪಕ್ಕದ ಎರಡು ಗುರುತುಗಳಿಗೂ ಗೆರೆ ಸೇರಿಸಿ ನೋಡಿ, ಸಮಬಾಹು ತ್ರಿಭುಜ ಸಿಗುತ್ತದೆ. ಅದರ ಕೋನ 60 ಡಿಗ್ರಿ. 360ರಲ್ಲಿ 60 ಆರು ಸಲ ಹೋಗುತ್ತದೆ. ಹಲಗೆಯ ಮೇಲೆ ಅರ್ಥವಾಗದ್ದು ಕೈವಾರ ಹಿಡಿದ ಕೈಗೆ ಅರ್ಥವಾದದ್ದನ್ನು ನನ್ನ ತರಗತಿಯಲ್ಲಿ ಕಂಡಿದ್ದೇನೆ.

ಚೀಟಿ ಅಂಟಿಸಲು ಒಂದು ಚಮಚ ಮೈದಾಕ್ಕೆ ಐದು ಚಮಚ ನೀರು ಬೆರೆಸಿ ಸಣ್ಣ ಉರಿಯಲ್ಲಿ ಕದಡಿದರೆ ಸಾಕು. ಹುಳು ಬೀಳದಿರಲೆಂದು ಅಬ್ಬಾ ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ನೀವು ಹಾಕಬೇಡಿ. ಅಂದಂದಿಗೆ ಬೇಕಾದಷ್ಟೇ ಕಾಯಿಸಿಕೊಳ್ಳಿ.

ಚೀಟಿ ಎರಡು ಮಾಡಿ. ಕನ್ನಡ ಎಡದಿಂದ ಬಲಕ್ಕೆ ಹೋಗುತ್ತದೆ, ಉರ್ದು ಬಲದಿಂದ ಎಡಕ್ಕೆ. ಒಂದು ಬದಿಯಲ್ಲಿ ಕನ್ನಡದಲ್ಲಿ, ಇನ್ನೊಂದು ಬದಿಯಲ್ಲಿ ಉರ್ದುವಿನಲ್ಲಿ ಹೆಸರು ಬರೆಯಿರಿ. ಆಗ ಆ ಪುಸ್ತಕಕ್ಕೆ ಹಿಂಬದಿ ಎಂಬುದೇ ಇರುವುದಿಲ್ಲ. ಎರಡೂ ಕಡೆಯಿಂದ ಮೊದಲ ಪುಟವೇ.

ಈಗ ಪೋಷಕರ ಪ್ರಶ್ನೆಗೆ ಬರುತ್ತೇನೆ. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದರು. ಕೈಕಸುಬಿನ ಮೂಲಕ ಪಾಠ ಕಲಿಸುವ ಯೋಜನೆ ರೂಪಿಸಲು ಅಲ್ಲಿ ನೇಮಕವಾದ ಸಮಿತಿಗೆ ಅಧ್ಯಕ್ಷರಾಗಿದ್ದವರು ಡಾ. ಜಾಕಿರ್ ಹುಸೇನ್. 1967ರಲ್ಲಿ ರಾಷ್ಟ್ರಪತಿಯಾದ ಅದೇ ಮಹನೀಯರು. ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದಿದ್ದ ಅವರಿಗೆ ಓದಿನ ಬೆಲೆ ಗೊತ್ತಿರಲಿಲ್ಲವೇ? ಕೈಕೆಲಸ ಓದಿಗೆ ಅಡ್ಡಿ ಎಂದು ಅವರು ಭಾವಿಸಲಿಲ್ಲ. ಅದನ್ನು ಓದಿನ ಒಳಗೇ ತಂದರು.

ನಮ್ಮಲ್ಲಿ ಮಾತ್ರ "ಓದದಿದ್ದರೆ ಗ್ಯಾರೇಜಿಗೆ ಹಾಕುತ್ತೇನೆ" ಎಂದು ಮಕ್ಕಳನ್ನು ಹೆದರಿಸುತ್ತೇವೆ. ಹಾಗೆ ಹೇಳುವಾಗ, ಗ್ಯಾರೇಜಿನಲ್ಲಿ ದುಡಿಯುವವರ ಮಗನೂ ಅದೇ ತರಗತಿಯಲ್ಲಿ ಕುಳಿತಿರುತ್ತಾನೆ ಎಂಬುದು ನಮಗೆ ಮರೆತುಹೋಗುತ್ತದೆ. ತಂದೆಯ ಕೆಲಸ ಒಂದು ಶಿಕ್ಷೆ ಎಂದು ಅವನು ನಮ್ಮಿಂದಲೇ ಕಲಿಯುತ್ತಾನೆ. ನಾನೂ ಹಾಗೆಯೇ ಕಲಿತಿದ್ದೆ. ನಿಮ್ಮ ಮಕ್ಕಳು ಚೆನ್ನಾಗಿ ಓದಲಿ, ಡಾಕ್ಟರ್, ಇಂಜಿನಿಯರ್ ಆಗಲಿ. ವಾರಕ್ಕೆ ಎರಡು ಗಂಟೆ ಕೈಕೆಲಸ ಮಾಡಿದ್ದರಿಂದ ಅಂಕ ಕಡಿಮೆಯಾದ ಮಗುವನ್ನು ನಾನು ಕಂಡಿಲ್ಲ.

ವಿದ್ಯಾರ್ಥಿಗಳೆ, ನಿಮಗೆ ಒಂದೇ ಮನೆಗೆಲಸ ಕೊಡುತ್ತೇನೆ. ಪುಸ್ತಕ ಕಟ್ಟಿದ ಮೇಲೆ ಮೊದಲ ಪುಟದಲ್ಲಿ ನಿಮ್ಮ ತಂದೆ, ತಾಯಿ ಅಥವಾ ಅಜ್ಜಿ ಕೈಯಿಂದ ಮಾಡುವ ಒಂದು ಕೆಲಸವನ್ನು ಅವರನ್ನೇ ಕೇಳಿ ಬರೆಯಿರಿ. ಪಂಕ್ಚರ್ ಹಾಕುವುದಿರಬಹುದು, ಕಾಜಾ ಹೊಲಿಯುವುದಿರಬಹುದು, ಬೀಡಿ ಸುತ್ತುವುದಿರಬಹುದು. ಬರೆದ ಮೇಲೆ ಅದನ್ನು ಅವರ ಎದುರಿಗೆ ಗಟ್ಟಿಯಾಗಿ ಓದಿರಿ. ನಾನು ಒಂಬತ್ತನೆಯ ತರಗತಿಯಲ್ಲಿ ಮಾಡಬೇಕಾಗಿದ್ದ ಕೆಲಸ ಅದು.