ದನಿಯನ್ನು ಅಳೆಯುವುದು ಕಿವಿಯೋ, ಯಂತ್ರವೋ?

ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ, ಡೆಂಕನಮರಡಿಯ ಮೇಲೆ ಗೊರವಯ್ಯನವರು ಬಿಲ್ಲನ್ನೇರಿ ಕಾರಣಿಕ ನುಡಿಯುವುದನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ನುಡಿಯುವುದು ಒಂದೇ ಮಾತು. ಜನ ಚದುರುವ ಮೊದಲೇ, ಕೇಳಿಸಿದ್ದು ಇದೋ ಅದೋ ಎಂಬ ಚರ್ಚೆ ಎದ್ದಿರುತ್ತದೆ. ಕೆಟ್ಟ ದನಿಯನ್ನು ಪರೀಕ್ಷಿಸುವವರಿಗೂ ಇಂಥದೇ ತೊಡಕುಂಟು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇವೆಲ್ಲ ಕಂಠವನ್ನು ದುಡಿಸಿಕೊಳ್ಳುವ ಸೀಮೆಗಳು. ಬಯಲಾಟದ ಪಾತ್ರಧಾರಿ, ಸಂತೆಯಲ್ಲಿ ಕೂಗಿ ಮಾರುವ ಹೆಣ್ಣುಮಗಳು, ಶಾಲೆಯ ಮೇಷ್ಟರು, ಇವರಿಗೆಲ್ಲ ದನಿಯೇ ಅನ್ನ. ಅದು ಕೆಟ್ಟಾಗ ಎಷ್ಟು ಕೆಟ್ಟಿತೆಂದು ಹೇಳುವವರು ಯಾರು?

ಮೊದಲನೆಯದು ಕಿವಿ. 1981ರಲ್ಲಿ ಜಪಾನಿನ ವೈದ್ಯ ಹಿರಾನೋ ಪ್ರಚಾರಕ್ಕೆ ತಂದ ಕ್ರಮದಲ್ಲಿ ದನಿಯ ಒಟ್ಟು ಕೆಡುಕು, ಒರಟುತನ, ಉಸಿರಿನ ಸೋರಿಕೆ, ನಿಶ್ಶಕ್ತಿ, ಬಿಗಿತ ಎಂಬ ಐದಕ್ಕೂ 0ಯಿಂದ 3ರವರೆಗೆ ಅಂಕ. ಖರ್ಚಿಲ್ಲದ ವಿದ್ಯೆ. ತೀರ ಶುದ್ಧವಾದ ಅಥವಾ ತೀರ ಕೆಟ್ಟ ದನಿಯಾದರೆ ಪರಿಣತರು ಬಹುಮಟ್ಟಿಗೆ ಒಪ್ಪುತ್ತಾರೆ. ನಡುವಣ ದನಿ ಬಂದರೆ ಒಬ್ಬರ 1 ಇನ್ನೊಬ್ಬರ 2. ಅಭಿರುಚಿಯೂ ಇಲ್ಲಿ ಕೈಹಾಕುತ್ತದೆ. ಬಯಲಾಟದ ರಾಕ್ಷಸನ ಗಡಸು ಕಂಠ ನಮಗೆ ವೀರರಸ. ಆಟ ನೋಡದ ಪರೀಕ್ಷಕನಿಗೆ ಅದೇ ರೋಗ.

ಯಂತ್ರಕ್ಕೆ ಅಭಿರುಚಿಯಿಲ್ಲ. 'ಆ' ಎಂದು ದನಿ ಎಳೆದು ಹಿಡಿದರೆ ಸಾಕು. ಗಂಡಸಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 120 ಸಲ, ಹೆಂಗಸಿನವು 200ರ ಆಸುಪಾಸು ಕಂಪಿಸುತ್ತವೆ. ಒಂದು ಕಂಪನಕ್ಕೂ ಮುಂದಿನದಕ್ಕೂ ಕಾಲದಲ್ಲಾಗುವ ಏರುಪೇರು ಜಿಟ್ಟರ್, ಬಲದಲ್ಲಾಗುವುದು ಶಿಮ್ಮರ್. ಚಿಕಿತ್ಸೆಯ ಹಿಂದುಮುಂದನ್ನು ಹೋಲಿಸಲು ಈ ಅಂಕಿಗಳು ಬಲು ಉಪಯುಕ್ತ. ಆದರೆ ಒಂದು ವಿಪರ್ಯಾಸ ನೋಡಿ. ದನಿ ತೀರ ಹದಗೆಟ್ಟಾಗ ಕಂಪನ ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತು ಎಂಬುದೇ ಯಂತ್ರಕ್ಕೆ ಹತ್ತುವುದಿಲ್ಲ. ಅಂಕಿಯನ್ನೇನೋ ಕೊಡುತ್ತದೆ, ಅದನ್ನು ನಂಬುವಂತಿಲ್ಲ. ಆಗ ಮತ್ತೆ ಕಿವಿಯನ್ನೇ ಕರೆಯಬೇಕು. ಈ ತೊಡಕನ್ನು ತಪ್ಪಿಸುವ ಹೊಸ ಗಣನೆಗಳೂ ಈಗ ಬಂದಿವೆ.

ಇನ್ನು ದನಿಯ ಒಡೆಯನ ಮಾತು. ಕೊಟ್ಟೂರಿನ ಒಬ್ಬ ಮೇಷ್ಟರನ್ನು ಕಲ್ಪಿಸಿಕೊಳ್ಳಿ. ಬೆಳಗಿನ ಪರೀಕ್ಷೆಯಲ್ಲಿ ಕಿವಿಯೂ ಯಂತ್ರವೂ 'ಚೆನ್ನಾಗಿದೆ' ಎಂದವು. ಸಂಜೆಯ ಕೊನೆಯ ಪಾಠಕ್ಕೆ ಅವರಿಗೆ ದನಿಯೇ ಏಳದು. ಇಂಥ ಸಂಕಟವನ್ನು ಲೆಕ್ಕಕ್ಕೆ ಹಿಡಿಯಲೆಂದೇ ಅಮೆರಿಕದಲ್ಲಿ 1997ರಲ್ಲಿ 30 ಪ್ರಶ್ನೆಗಳ, 120 ಅಂಕಗಳ ಒಂದು ಪಟ್ಟಿ ಪ್ರಕಟವಾಯಿತು. ಮೂರರಲ್ಲಿ ಒಂದನ್ನೇ ಆರಿಸೆಂದರೆ ನಾನು ಈ ಮೂರನೆಯದನ್ನು ಬಿಡಲಾರೆ.

ಮೂರೂ ಕೂಡಿದರೂ ಕಾರಣ ತಿಳಿಯದು. ಅದಕ್ಕೆ ಗಂಟಲೊಳಗೆ ಇಣುಕಲೇಬೇಕು. 1854ರಲ್ಲಿ ಗಾರ್ಸಿಯಾ ಎಂಬ ಸಂಗೀತದ ಗುರು ಪುಟ್ಟ ಕನ್ನಡಿ ಮತ್ತು ಸೂರ್ಯನ ಬೆಳಕಿನಿಂದ ತನ್ನ ಧ್ವನಿತಂತುಗಳನ್ನು ತಾನೇ ಕಂಡ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ; ಕೂಡ್ಲಿಗಿಯವರಿಗೆ ಅದು ಒಂದು ರಾತ್ರಿಯ ದಾರಿ. ಆದರೆ ಒಳಗಿರುವುದು ಊತವೋ, ಗಂಟೋ, ಕ್ಯಾನ್ಸರೋ ಎಂದು ನೋಡುವ ಕಿವಿ-ಮೂಗು-ಗಂಟಲು ವೈದ್ಯರು ಅದಕ್ಕಿಂತ ಹತ್ತಿರದಲ್ಲೇ ಸಿಗುತ್ತಾರೆ. ಬೊಗ್ಗು ದನಿ ಮೂರು ನಾಲ್ಕು ವಾರ ನಿಂತರೆ ಅವರಲ್ಲಿಗೆ ಹೋಗಬೇಕು. ಬೀಡಿ, ತಂಬಾಕಿನ ಅಭ್ಯಾಸವಿದ್ದವರು ಅಷ್ಟು ದಿನವೂ ಕಾಯಬಾರದು.