ಇಂಗ್ಲಿಷ್ ಉಚ್ಚಾರಣೆಯೂ ಮನೆಯ ಕನ್ನಡವೂ



ಕನ್ನಡ ಪಂಡಿತನಾದ ನಾನು ಇಂಗ್ಲಿಷ್ ಉಚ್ಚಾರಣೆಯನ್ನು ಕುರಿತು ಮಾತನಾಡಲು ನಿಂತಿರುವುದು ತಮಗೆ ವಿಚಿತ್ರವಾಗಿ ತೋರಬಹುದು. ಆದರೆ ಈ ವಿಷಯವು ನಮ್ಮ ಮನೆಗಳ ಕನ್ನಡದ ಅಳಿವು ಉಳಿವಿಗೆ ಸಂಬಂಧಿಸಿದುದು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮಗ್ಗವನ್ನು ನಂಬಿದ ದೇವಾಂಗದವರೂ ನೇಗಿಲನ್ನು ನಂಬಿದ ಒಕ್ಕಲಿಗರೂ ತಲೆತಲಾಂತರದಿಂದ ಕನ್ನಡವನ್ನು ನಾಲಗೆಯ ಮೇಲೆಯೇ ಕಾಪಾಡಿಕೊಂಡು ಬಂದಿದ್ದಾರೆ. ಅಂಥ ಮನೆಗಳಲ್ಲಿ ಇಂದು ಕೆಲವು ತಾಯಿತಂದೆಗಳು, ಮನೆಯಲ್ಲಿ ಕನ್ನಡವಾಡಿದರೆ ಮಗುವಿನ ಇಂಗ್ಲಿಷ್ ಉಚ್ಚಾರಣೆ ಕೆಟ್ಟೀತೆಂದು ಅಂಜುತ್ತಿದ್ದಾರೆ. ಈ ಅಂಜಿಕೆಗೆ ಆಧಾರವುಂಟೇ?

ಮೊದಲು, ಇಂಗ್ಲಿಷಿಗೆ ಶುದ್ಧವಾದ ಉಚ್ಚಾರಣೆ ಒಂದೇ ಇದೆಯೇ ಎಂಬುದನ್ನು ನೋಡೋಣ. ಲಂಡನ್ನಿನ ಧ್ವನಿಶಾಸ್ತ್ರಜ್ಞ ಡೇನಿಯಲ್ ಜೋನ್ಸರು 1917ರಲ್ಲಿ ಉಚ್ಚಾರಣೆಯ ನಿಘಂಟನ್ನು ಪ್ರಕಟಿಸಿದರು. ಅವರು ಅದರಲ್ಲಿ ಕೊಟ್ಟುದು ದಕ್ಷಿಣ ಇಂಗ್ಲೆಂಡಿನಲ್ಲಿ ಪ್ರತಿಷ್ಠಿತ ವಸತಿಶಾಲೆಗಳಲ್ಲಿ ಓದಿದವರ ಮನೆಮಾತಿನ ರೀತಿಯನ್ನು. ಭಾರತದ ಪಾಠಶಾಲೆಗಳಿಗೂ ಅದೇ ಮಾದರಿಯಾಯಿತು. ಆದರೆ ಅದು ಆ ದೇಶದ ಎಲ್ಲರ ಮಾತಲ್ಲ. 'ಕಾರ್' ಎಂಬ ಪದದ ಕೊನೆಯ ರಕಾರವನ್ನು ಲಂಡನ್ನಿನವರು ನುಂಗಿಬಿಡುತ್ತಾರೆ. ಸ್ಕಾಟ್ಲೆಂಡಿನವರೂ ಅಮೆರಿಕದ ಬಹುಜನರೂ ಅದನ್ನು ಸ್ಪಷ್ಟವಾಗಿ ನುಡಿಯುತ್ತಾರೆ. ಇವರಲ್ಲಿ ಯಾರು ಅಶುದ್ಧರು?

ಕನ್ನಡದ ಕಥೆಯೂ ಇದೇ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದಿತು. ಕನ್ನಡಗಳು ಹಲವೆಂಬುದನ್ನೂ ಅದೇ ಗ್ರಂಥ ಒಪ್ಪಿತು. ಹಳಗನ್ನಡದ 'ಪಾಲ್' ನಮ್ಮ ಬಾಯಲ್ಲಿ 'ಹಾಲು' ಆಯಿತು; ನಮ್ಮ ತಮಿಳು ನೆರೆಯವರು ಇಂದಿಗೂ 'ಪಾಲ್' ಎನ್ನುತ್ತಾರೆ. ಕಾಲವೂ ದೇಶವೂ ಉಚ್ಚಾರಣೆಯನ್ನು ಬದಲಿಸುತ್ತವೆ. ಅದರಿಂದ ಹಾಲಿನ ರುಚಿ ಕೆಡಲಿಲ್ಲ.

ಹಾಗೆಂದ ಮಾತ್ರಕ್ಕೆ ಹೇಗೆ ನುಡಿದರೂ ಸರಿಯೆಂದು ನಾನು ಹೇಳುವುದಿಲ್ಲ. ಕಲಿಸುವವನಿಗೆ ಒಂದು ಅಳತೆ ಬೇಕು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಲ್ಲಿದ್ದ ಆರ್. ಕೆ. ಬನ್ಸಲರು, ಭಾರತೀಯರ ಇಂಗ್ಲಿಷು ಕೇಳುವವರಿಗೆ ಎಷ್ಟು ತಿಳಿಯುತ್ತದೆಂದು ಪರೀಕ್ಷಿಸಿ 1969ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಪದದಲ್ಲಿ ಒತ್ತು ಸಲ್ಲದ ಸ್ಥಾನದಲ್ಲಿ ಬೀಳುವುದು ಅವರು ಕಂಡ ಮುಖ್ಯ ತೊಡಕುಗಳಲ್ಲಿ ಒಂದು. 'ಡೆವಲಪ್' ಎಂಬಲ್ಲಿ ಒತ್ತು ಬೀಳಬೇಕಾದುದು ನಡುವಣ ಅಕ್ಷರದ ಮೇಲೆ. ಅಂತೆಯೇ 'ಫ್ಯಾನ್' ಎನ್ನಬೇಕಾದಲ್ಲಿ 'ಪ್ಯಾನ್' ಎಂದರೆ ಬೀಸಣಿಗೆ ಹೋಗಿ ಬಾಣಲೆ ಬರುತ್ತದೆ. ಇಂಥವನ್ನು ತಿದ್ದಲೇಬೇಕು. ಕೇಳಿದವನಿಗೆ ತಿಳಿಯಬೇಕು, ಒಂದು ಪದ ಇನ್ನೊಂದಾಗಬಾರದು: ಇದೇ ಅಳತೆ. ಲಂಡನ್ನಿನವನಂತೆ ತೋರಬೇಕೆಂಬುದು ಅಳತೆಯಲ್ಲ.

ಈ ಅಳತೆಗೆ ಮನೆಯ ಕನ್ನಡ ಅಡ್ಡಿಯೇ? ಅಲ್ಲ, ಸಹಾಯ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೂ ಪಕಾರ ಬಕಾರಗಳಿಗೂ ಒಂದೊಂದೇ ಅಕ್ಷರ. ಸ್ಥಾನವನ್ನು ನೋಡಿ ಓದುವುದು ಆ ಭಾಷೆಯ ಸೊಗಸಾದ ಕಟ್ಟಳೆ. ಇಂಗ್ಲಿಷಿನಲ್ಲಿಯಾದರೋ 'ಕೋಟ್' ಬೇರೆ, 'ಗೋಟ್' ಬೇರೆ. ಈ ಭೇದವನ್ನು ನಮ್ಮ ಮಗು ತೊಟ್ಟಿಲಿನಲ್ಲಿಯೇ ಕಲಿತಿರುತ್ತದೆ. 'ಪಟ್ಟೆ'ಗೂ 'ಬಟ್ಟೆ'ಗೂ ಇರುವ ವ್ಯತ್ಯಾಸವನ್ನು ನೇಕಾರನ ಮಗುವಿಗೆ ಯಾರು ಹೇಳಿಕೊಡಬೇಕು?

ಆದುದರಿಂದ ತಾಯಂದಿರಲ್ಲಿ ನನ್ನ ಬಿನ್ನಹ: ಇಂಗ್ಲಿಷಿನ ಭಯದಿಂದ ಕನ್ನಡವನ್ನು ಮನೆಯಿಂದ ಹೊರಗೆ ಕಳುಹಬೇಡಿ. ಉಪಾಧ್ಯಾಯ ಮಿತ್ರರಲ್ಲಿ ಬಿನ್ನಹ: ಅರ್ಥ ಕೆಡಿಸುವ ತಪ್ಪನ್ನು ತಿದ್ದಿರಿ, ಮಗುವಿನ ನಾಲಗೆಯ ಊರನ್ನು ಹಾಸ್ಯಮಾಡದಿರಿ. ನಗೆಗೀಡಾದ ಮಗು ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದವನಿಗೆ ಯಾವ ಭಾಷೆಯೂ ಬಾರದು. ಕರ್ನಾಟಕದಿಂದ ಬಂದ ನೆಂಟರಿಗೂ ಒಂದು ಮಾತು: ತಮಿಳು ಬೆರೆತ ನಮ್ಮ ಮನೆಮಾತನ್ನು ಕೇಳಿ ನಗಬೇಡಿ. ಕೊಯಮತ್ತೂರಿನ ತಮಿಳರು ತಮ್ಮ 'ಏನುಂಗ' ಎಂಬ ನುಡಿಯನ್ನು ಹೆಮ್ಮೆಯಿಂದಲೇ ಆಡುತ್ತಾರೆ. ನಮ್ಮ ಕನ್ನಡವನ್ನು ನಾವೂ ಹಾಗೆಯೇ ಆಡೋಣ.