ಫಿನ್ಲಂಡದ ವಾದ್ಯವೃಂದ ಮತ್ತು ರಾಬರ್ಟ್ ಕಾಯಾನುಸ್



ಫಿನ್ಲಂಡದ ಸಂಗೀತವೆಂದೊಡನೆ ಬಲ್ಲವರು ಸಿಬೇಲಿಯಸನ ಹೆಸರನ್ನು ಹೇಳುವರು. ಅದು ಯೋಗ್ಯವೇ ಸರಿ. ಆದರೆ ಆ ಮಹಾರಚನಕಾರನು ಬರೆದ ಸ್ವರಗಳು ಕಾಗದದ ಮೇಲೆಯೇ ಉಳಿಯದೆ ಜನರ ಕಿವಿಗೆ ಮುಟ್ಟುವಂತೆ ಮಾಡಿದವನು ರಾಬರ್ಟ್ ಕಾಯಾನುಸ್. ಅವನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿರುವೆನು.

ಅವನು 1856ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿದನು. ಆಗ ಫಿನ್ಲಂಡವು ರಶಿಯದ ಝಾರನ ಅಧೀನದಲ್ಲಿದ್ದಿತು. ಸುಶಿಕ್ಷಿತರ ನುಡಿ ಬಹುಮಟ್ಟಿಗೆ ಸ್ವೀಡಿಶ್. ಒಕ್ಕಲುಮಕ್ಕಳ ನುಡಿ ಫಿನ್ನಿಶ್. ಕಾಯಾನುಸನು ಲೈಪ್ಸಿಗ್, ಪ್ಯಾರಿಸ್ ಪಟ್ಟಣಗಳಲ್ಲಿ ಕಲಿತು ಬಂದು, 1882ರಲ್ಲಿ, ಇನ್ನೂ 25 ವರ್ಷದವನಿರುವಾಗಲೇ, ಸ್ಥಿರವಾದೊಂದು ವಾದ್ಯವೃಂದವನ್ನು ಕಟ್ಟಿದನು. ಸ್ಥಿರವೆಂಬ ಮಾತನ್ನು ಲಕ್ಷ್ಯದಲ್ಲಿಡಬೇಕು. ಹಬ್ಬಕ್ಕೊಮ್ಮೆ ಕೂಡಿ ಮರುದಿನ ಚದುರುವ ಮೇಳವಲ್ಲವದು; ವಾದಕರಿಗೆ ಸಂಬಳ ಕೊಡಬೇಕು, ಅಭ್ಯಾಸ ತಪ್ಪಬಾರದು, ಹಣಕ್ಕಾಗಿ ಹತ್ತು ಬಾಗಿಲು ತಟ್ಟಬೇಕು. ಮೊದಲು ವಾದಕರಲ್ಲಿ ಅನೇಕರು ಪರದೇಶದವರು. ಸ್ವದೇಶದ ತರುಣರನ್ನು ಸಿದ್ಧಪಡಿಸಲು ಅವನು 1885ರಲ್ಲಿ ವೃಂದದ ಶಾಲೆಯನ್ನು ತೆರೆದನು. 1888ರಲ್ಲಿ ಬೀಥೋವನ್ನನ ಒಂಬತ್ತನೆಯ ಸಿಂಫನಿಯನ್ನು ಆ ನಾಡಿನಲ್ಲಿ ಮೊದಲ ಸಲ ನುಡಿಸಿದನು. ರಾಜ್ಯ ದೊರೆತ ಮೇಲೆ ಕಲೆಯ ಮಾತೆನ್ನುವವರು ಈ ಇಸವಿಗಳನ್ನು ನೋಡಬೇಕು: ವೃಂದ ಹುಟ್ಟಿದ್ದು 1882ರಲ್ಲಿ, ಫಿನ್ಲಂಡವು ಸ್ವತಂತ್ರವಾದದ್ದು 1917ರಲ್ಲಿ.

ಅವನು ತಾನೂ ರಚನಕಾರನೇ. ಹಳ್ಳಿಗರ ಬಾಯಿಂದ ಹಾಡುಗಳನ್ನು ಸಂಗ್ರಹಿಸಿ ಲೋನ್‌ರೋಟನು 1835ರಲ್ಲಿ ಪ್ರಕಟಿಸಿದ 'ಕಲೇವಲ'ಕ್ಕೆ 50 ವರ್ಷ ತುಂಬಿದಾಗ, ಅದರ ದುಃಖಿನಿಯಾದ ಕನ್ಯೆ ಐನೋಳ ಹೆಸರಿನಲ್ಲಿ ಒಂದು ಕೃತಿಯನ್ನು ರಚಿಸಿದನು. 1890ರಲ್ಲಿ ಬರ್ಲಿನ್ನಿನಲ್ಲಿ ಅದನ್ನು ನುಡಿಸಿದಾಗ ಶ್ರೋತೃಗಳಲ್ಲಿ ವಿದ್ಯಾರ್ಥಿ ಸಿಬೇಲಿಯಸನೂ ಇದ್ದನು. ಎರಡೇ ವರ್ಷಗಳಲ್ಲಿ ಆ ತರುಣನು ಅದೇ ಕಲೇವಲದ ಮೇಲೆ 'ಕುಲ್ಲೆರ್ವೋ' ರಚಿಸಿದನು. ಆಮೇಲೆ ಕಾಯಾನುಸನ ಸ್ವಂತ ರಚನೆಗಳು ವಿರಳವಾದವು. ಕಿರಿಯವನ ಕೃತಿಗಳನ್ನೇ ಅವನು ಊರೂರಿಗೆ ಒಯ್ದನು.

ಆದರೆ ಇವರ ಸ್ನೇಹವು ಕಳಂಕವಿಲ್ಲದ್ದಲ್ಲ. 1897ರಲ್ಲಿ ವಿಶ್ವವಿದ್ಯಾಲಯದ ಸಂಗೀತಾಧ್ಯಾಪಕನ ಸ್ಥಾನಕ್ಕೆ ಅಲ್ಲಿಯ ಮಂಡಲಿಯು ಸಿಬೇಲಿಯಸನನ್ನು ಆರಿಸಿದ್ದಿತು. ಕಾಯಾನುಸನು ಅಪೀಲು ಮಾಡಿ ಮೇಲಿನವರಿಂದ ಆ ಸ್ಥಾನವನ್ನು ಪಡೆದನು. ಅಪೀಲು ಮಾಡುವದು ಅನ್ಯಾಯವೆಂದು ವಕೀಲನಾದ ನಾನು ಹೇಳಲಾರೆನು. ಆದರೂ ಈ ಗೆಲುವು ನನಗೆ ರುಚಿಸದು. ಸಿಬೇಲಿಯಸನಿಗೆ ಅದೇ ವರ್ಷ ಸರಕಾರದ ವಾರ್ಷಿಕ ವೇತನ ದೊರೆತದ್ದು ದೈವವೆನ್ನಬೇಕು.

ಮೂರು ವರ್ಷಗಳ ತರುವಾಯ, ಝಾರನ ಬಿಗಿ ಹೆಚ್ಚಿದ ಕಾಲದಲ್ಲಿ, ಇವರಿಬ್ಬರೂ ಕೂಡಿಯೇ ವೃಂದದೊಡನೆ ಹೊರಟರು. ಸ್ಟಾಕ್‌ಹೋಮ್, ಬರ್ಲಿನ್, ಬ್ರಸೆಲ್ಸ್‌ಗಳನ್ನು ದಾಟಿ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ನುಡಿಸಿದರು. 'ಫಿನ್ಲಂಡಿಯಾ' ಎಂಬ ಕೃತಿಯನ್ನು ಅಲ್ಲಿ 'ತಾಯ್ನಾಡು' ಎಂಬರ್ಥದ ಫ್ರೆಂಚ್ ಹೆಸರಿನಿಂದ ನುಡಿಸಲಾಯಿತು.

1930ರಲ್ಲಿ ಫಿನ್ಲಂಡದ ಸ್ವತಂತ್ರ ಸರಕಾರದ ಧನಸಹಾಯದಿಂದ ಸಿಬೇಲಿಯಸನ ಮೊದಲೆರಡು ಸಿಂಫನಿಗಳನ್ನು ಲಂಡನ್ನಿನಲ್ಲಿ ಗ್ರಾಮೊಫೋನ್ ತಟ್ಟೆಗಳಿಗೆ ಇಳಿಸುವದೆಂದು ಗೊತ್ತಾಯಿತು. ನಡೆಸತಕ್ಕವರು ಯಾರೆಂದು ಕೇಳಲು, ಸಿಬೇಲಿಯಸನು ಸೂಚಿಸಿದ್ದು 73 ವರ್ಷದ ಕಾಯಾನುಸನ ಹೆಸರನ್ನೇ.